ಸಂಗೀತ ಚಿಕಿತ್ಸೆ: ಸಂಶೋಧನಾ ವಿಧಾನಗಳು

ಸಂಗೀತವನ್ನು ಚಿಕಿತ್ಸೆಯಾಗಿ ಬಳಸಿದಾಗ ರೋಗಿಗೆ ಆಗುವ ಬದಲಾವಣೆಯನ್ನು ಅಳೆದು, ಅದರ ಕಾರಣವನ್ನು ಹುಡುಕುವ ಕ್ರಮಗಳು. ತರಬೇತಿ ಪಡೆದ ಚಿಕಿತ್ಸಕರು ರೋಗಿಯೊಡನೆ ಕೂತು ಹಾಡುವುದು ಬೇರೆ, ವಾರ್ಡಿನಲ್ಲಿ ಧ್ವನಿಮುದ್ರಣ ಕೇಳಿಸುವುದು ಬೇರೆ. ಇವೆರಡನ್ನೂ ಒಂದೇ ಹೆಸರಿನಲ್ಲಿ ಬೆರೆಸಿದ ಅಧ್ಯಯನಗಳು ಹೋಲಿಕೆಗೆ ಒದಗುವುದಿಲ್ಲ.

ಮುಖ್ಯ ವಿಧಾನ ಯಾದೃಚ್ಛಿಕ ನಿಯಂತ್ರಿತ ಪ್ರಯೋಗ: ಚೀಟಿ ಎತ್ತಿದಂತೆ ರೋಗಿಗಳನ್ನು ಗುಂಪು ಮಾಡಿ, ಒಂದು ಗುಂಪಿಗೆ ವಾಡಿಕೆಯ ಚಿಕಿತ್ಸೆ, ಇನ್ನೊಂದಕ್ಕೆ ಅದರ ಜೊತೆಗೆ ಸಂಗೀತ. ಔಷಧ ಪರೀಕ್ಷೆಯಲ್ಲಿ ಹುಸಿ ಗುಳಿಗೆ ಕೊಡಬಹುದು; ಕೇಳುವವನಿಂದ ಹಾಡನ್ನು ಬಚ್ಚಿಡಲಾಗದು. ಹೀಗಾಗಿ ಫಲಿತಾಂಶ ಅಳೆಯುವವರಿಗಾದರೂ ಗುಂಪಿನ ಗುಟ್ಟು ತಿಳಿಯದಂತೆ ನೋಡಿಕೊಳ್ಳುತ್ತಾರೆ. ಇಂಥ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಮೀಕ್ಷೆಗಳಲ್ಲಿ, ಖಿನ್ನತೆಯ ಕುರಿತ 2017ರದಕ್ಕೆ ಸಿಕ್ಕಿದ್ದು 9 ಅಧ್ಯಯನ, 421 ಜನ. ಅಲ್ಪಾವಧಿಯ ಪ್ರಯೋಜನ ಕಂಡಿತು. ಇಷ್ಟು ಚಿಕ್ಕ ಸಂಖ್ಯೆಯಿಂದ ಹೆಚ್ಚು ಹೇಳುವುದು ಆತುರವಾದೀತು. ಭಾರತದಲ್ಲಿ ಇಂಥ ಪ್ರಯೋಗಗಳ ನೋಂದಣಿಗೆ 2007ರಿಂದ ರಾಷ್ಟ್ರೀಯ ದಾಖಲಾತಿ ಇದೆ.

ಧಾರವಾಡ ಸೀಮೆಯಲ್ಲಿ ಕೇಳುಗರ ಸಂಸ್ಕಾರವೇ ಒಂದು ತೊಡಕು. ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಕುಂದಗೋಳದಲ್ಲಿ ಅವರ ಕಿರಾಣಾ ಘರಾಣೆಯ ಗಾಯನ ಕೇಳಿ ಬೆಳೆದವರಿಗೂ, ಅಳ್ನಾವರದಲ್ಲಿ ಭಜನೆಯ ಪದಗಳನ್ನಷ್ಟೇ ಬಲ್ಲವರಿಗೂ ಒಂದೇ ರಾಗ ಒಂದೇ ರೀತಿ ಮುಟ್ಟಬೇಕೆಂದಿಲ್ಲ. ಮೊದಲೇ ರೋಗಿಯ ಸಂಗೀತ ಪರಿಚಯ, ಅಭಿರುಚಿ ಕೇಳಿ ಬರೆದುಕೊಳ್ಳಬೇಕು. ‘ಈ ರಾಗ ಈ ರೋಗಕ್ಕೆ’ ಎಂಬ ಜನಪ್ರಿಯ ಪಟ್ಟಿಗಳಿಗೆ ಇಂಥ ಪ್ರಯೋಗಗಳ ಗಟ್ಟಿ ಪುರಾವೆ ಇಲ್ಲ. ಪ್ರತಿ ರಾಗಕ್ಕೂ ಹಾಡುವ ವೇಳೆ ಇದೆ ಎಂಬ ನಂಬಿಕೆಯನ್ನಾದರೂ ಪರೀಕ್ಷಿಸಬಹುದು: ಅದೇ ರಾಗ, ಅದೇ ಮುದ್ರಣ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಅಳೆಯುವ ಸಾಧನದಲ್ಲೂ ತೊಡಕಿದೆ: ಖಿನ್ನತೆಯ ಪ್ರಶ್ನಾವಳಿಯನ್ನು ಪುಸ್ತಕದ ಕನ್ನಡಕ್ಕೆ ತಂದರೆ ಸಾಲದು; ಹಳ್ಳಿಯ ಮಾತಿನಲ್ಲಿ ಅದು ಅರ್ಥವಾಗುತ್ತದೆಯೇ ಎಂದು ಮೊದಲು ಕೆಲವರ ಮೇಲೆ ನೋಡಬೇಕಾಗುತ್ತದೆ.