ಯಂತ್ರದೊಳಗಣ ಯಂತ್ರಕ್ಕೆ ಗ್ರಾಫಿಕ್ಸ್ ಕಾರ್ಡು

ಲಿನಕ್ಸನ್ನು ತನ್ನ ಗಣಕದ ನಿತ್ಯದ ವ್ಯವಸ್ಥೆಯನ್ನಾಗಿ ಮಾಡಿಕೊಂಡವನಿಗೆ ವಿಂಡೋಸಿಗೆಂದೇ ರಚಿತವಾದ ಆಟವೊಂದನ್ನು ಆಡಬೇಕೆನಿಸಿದರೆ, ಕೈಯಲ್ಲಿದ್ದ ಕೆಲಸವನ್ನೆಲ್ಲ ಮುಚ್ಚಿ, ಗಣಕವನ್ನು ಆರಿಸಿ, ಅದನ್ನು ವಿಂಡೋಸಿನಲ್ಲಿ ಪುನಃ ಆರಂಭಿಸುವುದೊಂದೇ ಬಹುಕಾಲದವರೆಗೆ ನೆಚ್ಚಬಹುದಾದ ದಾರಿಯಾಗಿದ್ದಿತು. ಈ ಕ್ಲೇಶವನ್ನು ಸಹಿಸಲೊಲ್ಲದ ಕೆಲವರು 2010ರ ದಶಕದಲ್ಲಿ ಬೇರೊಂದು ಸಾಹಸಕ್ಕೆ ಕೈಹಾಕಿದರು: ಲಿನಕ್ಸಿನ ಒಳಗೆಯೇ ವಿಂಡೋಸಿಗಾಗಿ ಒಂದು ವರ್ಚುಯಲ್ ಮಷೀನನ್ನು ನಿರ್ಮಿಸಿ, ಗಣಕದಲ್ಲಿದ್ದ ಎರಡು ಗ್ರಾಫಿಕ್ಸ್ ಕಾರ್ಡುಗಳ ಪೈಕಿ ಪ್ರಬಲವಾದುದನ್ನು ಆ ಕಲ್ಪಿತಯಂತ್ರದ ವಶಕ್ಕೆ ಸಂಪೂರ್ಣವಾಗಿ ಒಪ್ಪಿಸಿಬಿಡುವುದು. ಪಾಸ್‌ತ್ರೂ ಎಂಬ ಹೆಸರಿನಿಂದ ಪ್ರಸಿದ್ಧವಾದ ಈ ಪದ್ಧತಿಯನ್ನು ಹವ್ಯಾಸಿಗಳ ಕಾಲಹರಣವೆಂದು ಭಾವಿಸುವವರು ಉಂಟು. ಆದರೆ ಅದರ ಪೂರ್ವೇತಿಹಾಸವನ್ನು ಅರಿತವನಿಗೆ, ಗಣಕಶಾಸ್ತ್ರದ ಅತ್ಯಂತ ಹಳೆಯ ಸಮಸ್ಯೆಗಳಲ್ಲೊಂದನ್ನು ಆಟಗಾರರು ತಮ್ಮ ಮನೆಯ ಮೇಜಿನ ಮೇಲೆ ಎದುರಿಸಿದರೆಂಬುದು ಸ್ಪಷ್ಟವಾಗದೆ ಇರದು.

ಆ ಸಮಸ್ಯೆಯ ಮೂಲವನ್ನು ಅರಸುತ್ತ ಹೋದರೆ, ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ಕೇಂಬ್ರಿಜ್ ನಗರದಲ್ಲಿದ್ದ ಐಬಿಎಂ ಸಂಸ್ಥೆಯ ವೈಜ್ಞಾನಿಕ ಕೇಂದ್ರವನ್ನು ಮುಟ್ಟುತ್ತೇವೆ. 1964ರಲ್ಲಿ ಅಲ್ಲಿ ರಾಬರ್ಟ್ ಕ್ರೀಸಿ ಮತ್ತು ಅವರ ಸಹೋದ್ಯೋಗಿಗಳು ಸಿಪಿ-40 ಎಂಬ ವ್ಯವಸ್ಥೆಯನ್ನು ಕೈಗೆತ್ತಿಕೊಂಡರು. ಒಂದೇ ಗಣಕವನ್ನು ಹಲವರು ಹಂಚಿಕೊಂಡಿದ್ದರೂ ಪ್ರತಿಯೊಬ್ಬನಿಗೂ ಇಡಿಯ ಗಣಕವೇ ತನ್ನದೆಂಬ ಪ್ರತೀತಿ ಹುಟ್ಟುವಂತೆ ಮಾಡುವುದು ಅದರ ಉದ್ದೇಶವಾಗಿದ್ದಿತು. ಸಿಪಿ-67 ಅದರ ಹಿಂದೆಯೇ ಬಂದಿತು. 1972ರ ಆಗಸ್ಟ್ ತಿಂಗಳಲ್ಲಿ ವಿಎಂ/370 ಎಂಬ ಹೆಸರಿನಲ್ಲಿ ಈ ವಂಶದ ಮುಂದಿನ ಕೂಸನ್ನು ಐಬಿಎಂ ಲೋಕಕ್ಕೆ ಘೋಷಿಸಿತು. ಈ ಕಲ್ಪಿತಯಂತ್ರಗಳಿಗೆ ಕಾರ್ಡು ಓದುವ ಉಪಕರಣವೂ ಮುದ್ರಣಯಂತ್ರವೂ ಬಹುಮಟ್ಟಿಗೆ ಕಲ್ಪಿತವಾಗಿಯೇ ಇದ್ದವು. ಆದರೆ ಟೇಪಿನಂಥ ನಿಜವಾದ ಉಪಕರಣವೊಂದನ್ನು ಒಬ್ಬನಿಗೇ ಮೀಸಲಾಗಿ ಒಪ್ಪಿಸುವ ಏರ್ಪಾಡೂ ಅಲ್ಲಿದ್ದಿತು. ಇಂದಿನ ಪಾಸ್‌ತ್ರೂ ತತ್ತ್ವತಃ ಅದೇ.

ಒಪ್ಪಿಸುವುದು ಹೇಳಿದಷ್ಟು ಸುಲಭವಲ್ಲ. ಉಪಕರಣವು ಪ್ರೊಸೆಸರಿನ ಮಧ್ಯಸ್ಥಿಕೆಯಿಲ್ಲದೆ ನೇರವಾಗಿ ಮೆಮೊರಿಯಲ್ಲಿ ಬರೆಯುತ್ತದೆ, ನೇರವಾಗಿ ಮೆಮೊರಿಯಿಂದ ಓದುತ್ತದೆ. ಕಲ್ಪಿತಯಂತ್ರವಾದರೋ ತನ್ನ ಮೆಮೊರಿ ಶೂನ್ಯದಿಂದ ಆರಂಭವಾಗುತ್ತದೆಂದು ನಂಬಿಕೊಂಡು, ಆ ನಂಬಿಕೆಗೆ ತಕ್ಕ ವಿಳಾಸವನ್ನು ಉಪಕರಣಕ್ಕೆ ಹೇಳುತ್ತದೆ; ನಿಜವಾದ ಮೆಮೊರಿಯಲ್ಲಿ ಆ ವಿಳಾಸದಲ್ಲಿರುವುದು ಬೇರೊಬ್ಬನ ದತ್ತಾಂಶ. ಆದಕಾರಣ ವಿಎಂ/370ರ ನಿಯಂತ್ರಣ ವ್ಯವಸ್ಥೆಯು ಕಲ್ಪಿತಯಂತ್ರ ಹೊರಡಿಸಿದ ಪ್ರತಿಯೊಂದು ಆದೇಶಮಾಲೆಯನ್ನೂ ತಡೆದು, ಅದರಲ್ಲಿದ್ದ ವಿಳಾಸಗಳನ್ನು ನಿಜವಾದ ವಿಳಾಸಗಳಿಗೆ ಬದಲಿಸಿ ಹೊಸ ಪ್ರತಿಯನ್ನು ಬರೆದು, ಕೆಲಸ ಮುಗಿಯುವವರೆಗೆ ಆ ಮೆಮೊರಿಪುಟಗಳನ್ನು ಕದಲದಂತೆ ಹಿಡಿದಿಟ್ಟು, ಆಮೇಲೆ ಉಪಕರಣವನ್ನು ಚಾಲನೆಗೊಳಿಸಬೇಕಾಗಿದ್ದಿತು. ವಿಳಾಸವನ್ನು ಹೀಗೆ ಬದಲಿಸುವ ಕೆಲಸವನ್ನು ಯಾರು, ಎಲ್ಲಿ, ಎಷ್ಟು ವೇಗವಾಗಿ ಮಾಡಬೇಕೆಂಬುದೇ ಮುಂದಿನ 40 ವರ್ಷಗಳ ಕಥೆಯ ತಿರುಳು.

ಮೇಜಿನ ಗಣಕಗಳಲ್ಲಿದ್ದ ಇಂಟೆಲ್ ವಂಶದ ಪ್ರೊಸೆಸರುಗಳಲ್ಲಿ ಕಲ್ಪಿತಯಂತ್ರವನ್ನು ಕಟ್ಟುವುದೇ ದುಸ್ಸಾಧ್ಯವೆಂದು ಬಹಳ ಕಾಲ ಎಣಿಸಲಾಗಿದ್ದಿತು. ಸ್ಟ್ಯಾನ್‌ಫರ್ಡಿನ ಸಂಶೋಧನೆಯಿಂದ ಹುಟ್ಟಿದ ವಿಎಂವೇರ್ ಸಂಸ್ಥೆ 1999ರಲ್ಲಿ ಆ ಎಣಿಕೆಯನ್ನು ಸುಳ್ಳುಮಾಡಿತು. 2003ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಿಂದ ಕ್ಸೆನ್ ಎಂಬ ಕಲ್ಪಿತಯಂತ್ರ ವ್ಯವಸ್ಥೆ ಬಂದಿತು. 2007ರಲ್ಲಿ ಇಸ್ರೇಲಿನ ಕುಮ್ರಾನೆಟ್ ಸಂಸ್ಥೆಯ ಆವಿ ಕಿವಿಟಿ ರಚಿಸಿದ ಕೆವಿಎಂ ಲಿನಕ್ಸಿನ ಕರ್ನಲಿನಲ್ಲಿಯೇ ಸೇರಿತು. ಆದರೂ ಆಟಗಾರನಿಗೆ ಇವುಗಳಿಂದ ದೊರೆತುದು ಅತ್ಯಲ್ಪ. ಕಲ್ಪಿತಯಂತ್ರಕ್ಕೆ ಕಾಣುತ್ತಿದ್ದ ಗ್ರಾಫಿಕ್ಸ್ ಕಾರ್ಡೂ ಕಲ್ಪಿತವೇ. ಫ್ರಾನ್ಸಿನ ಫ್ಯಾಬ್ರಿಸ್ ಬೆಲಾರ್ ರಚಿಸಿದ, ಕಲ್ಪಿತಯಂತ್ರಕ್ಕೆ ಉಪಕರಣಗಳನ್ನು ಒದಗಿಸುವ ಕ್ಯೂಎಮು ಎಂಬ ತಂತ್ರಾಂಶ ಅನುಕರಿಸುತ್ತಿದ್ದುದು 1990ರ ದಶಕದ ಸಿರಸ್ ಲಾಜಿಕ್ ಕಾರ್ಡನ್ನು. ಅಕ್ಷರಗಳಿಗೂ ಕಿಟಕಿಗಳಿಗೂ ಅದು ಸಾಲುತ್ತಿದ್ದಿತು. ಮೂರು ಆಯಾಮಗಳ ಲೋಕವೊಂದನ್ನು ಕ್ಷಣಕ್ಷಣಕ್ಕೂ ಹೊಸದಾಗಿ ಚಿತ್ರಿಸುವುದು ಅದರ ಶಕ್ತಿಗೆ ಮೀರಿದ ಮಾತು.

ಐಒಎಂಎಂಯು ಎಂಬ ಘಟಕ ಗಣಕದ ಚಿಪ್ಪುಗಳಲ್ಲಿ ಕಾಣಿಸಿಕೊಂಡ ಮೇಲೆ ಈ ಪರಿಸ್ಥಿತಿ ಪಲ್ಲಟಗೊಂಡಿತು. ನಾಲ್ಕು ದಶಕಗಳ ಹಿಂದೆ ಐಬಿಎಂ ತಂತ್ರಾಂಶದಿಂದ ಮಾಡಿಸುತ್ತಿದ್ದ ವಿಳಾಸಪರಿವರ್ತನೆಯನ್ನು ಇದು ಯಂತ್ರಾಂಶದಲ್ಲಿಯೇ ನಿರ್ವಹಿಸುತ್ತದೆ: ಪ್ರತಿ ಉಪಕರಣಕ್ಕೂ ಒಂದು ಕೋಷ್ಟಕ, ಅದರಲ್ಲಿ ಅನುಮತಿಯಿರುವ ಮೆಮೊರಿಯನ್ನು ಬಿಟ್ಟು ಬೇರೆಡೆಗೆ ಉಪಕರಣದ ಕೈ ಚಾಚದಂತೆ ತಡೆ. ಇಂಟೆಲ್ ಇದನ್ನು ವಿಟಿ-ಡಿ ಎಂದು ಕರೆಯಿತು. 2010ರ ಕ್ಸೆನ್ 4.0 ಆವೃತ್ತಿಯಲ್ಲಿ ಗ್ರಾಫಿಕ್ಸ್ ಕಾರ್ಡಿನ ಪಾಸ್‌ತ್ರೂ ಸೇರಿದ್ದು ಇದರ ಬಲದಿಂದಲೇ. ಆದರೆ ಉತ್ಸಾಹಿ ಆಟಗಾರರಿಗೆಂದೇ ಮಾರಲ್ಪಟ್ಟ 2600ಕೆ, 3770ಕೆ, 4770ಕೆ ಪ್ರೊಸೆಸರುಗಳಲ್ಲಿ ಇಂಟೆಲ್ ಈ ಸೌಲಭ್ಯವನ್ನು ಕೊಡಲಿಲ್ಲ. ಹೆಚ್ಚು ಹಣ ತೆತ್ತವನಿಗೆ ಇದು ಇಲ್ಲ, ಅದೇ ಪೀಳಿಗೆಯ ಅಗ್ಗದ ಮಾದರಿಯನ್ನು ಕೊಂಡವನಿಗೆ ಇದೆ. 2014ರ 4790ಕೆಯಲ್ಲಿ ಅದು ಬಂದಿತು. ಮೂರು ಪೀಳಿಗೆಗಳ ಈ ನಿರಾಕರಣೆಗೆ ಸಮರ್ಥನೆಯುಂಟೆಂದು ನನಗೆ ತೋರುವುದಿಲ್ಲ.

ಲಿನಕ್ಸಿನ ಪಕ್ಷದಲ್ಲಿ ನಡೆದ ಕೆಲಸ ಇದಕ್ಕಿಂತ ಉದಾರವಾದುದು. ಉಪಕರಣವೊಂದನ್ನು ಸುರಕ್ಷಿತವಾಗಿ ಕಲ್ಪಿತಯಂತ್ರಕ್ಕೆ ಒಪ್ಪಿಸುವ ವಿಎಫ್‌ಐಒ ಎಂಬ ಚೌಕಟ್ಟನ್ನು ಮೊದಲು ರಚಿಸಿದವರು ಸಿಸ್ಕೊ ಸಂಸ್ಥೆಯಲ್ಲಿದ್ದ ಟಾಮ್ ಲಯನ್. ಇದೇ ಲಯನ್ 1970ರ ದಶಕದಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿದ್ದಾಗ ಯೂನಿಕ್ಸನ್ನು ವಿಎಂ/370ರ ಕಲ್ಪಿತಯಂತ್ರದೊಳಗೆ ನಡೆಯುವಂತೆ ಮಾಡಿದ್ದವರು. ಐಬಿಎಂನ ಆ ಬೃಹದ್ಯಂತ್ರಗಳಿಗೂ ಇಂದಿನ ಮೇಜಿನ ಗಣಕಕ್ಕೂ ನಡುವಣ ಸಂಬಂಧ ಕೇವಲ ತತ್ತ್ವದ್ದಲ್ಲ, ಒಬ್ಬ ಮನುಷ್ಯನ ದುಡಿಮೆಯದೂ ಆಗಿದೆಯೆಂಬುದು ಈ ಇತಿಹಾಸದಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದ ಸಂಗತಿ. ರೆಡ್ ಹ್ಯಾಟಿನ ಅಲೆಕ್ಸ್ ವಿಲಿಯಮ್‌ಸನ್ ಅದನ್ನು ಪುನಾರಚಿಸಿ 2012ರಲ್ಲಿ ಕರ್ನಲಿನ 3.6ನೆಯ ಆವೃತ್ತಿಗೆ ಸೇರಿಸಿದರು, ಮರುವರ್ಷ 3.9ರಲ್ಲಿ ವಿಜಿಎ ಉಪಕರಣಗಳಿಗೂ ಅದು ಒದಗಿತು. ಅಲ್ಲಿಯೂ ಹಳೆಯ ತೊಡಕೊಂದು ಕಾದಿದ್ದಿತು. 1987ರಲ್ಲಿ ಐಬಿಎಂ ರೂಪಿಸಿದ ವಿಜಿಎ ಎಂಬ ಗ್ರಾಫಿಕ್ಸ್ ಮಾನಕ ಮೆಮೊರಿಯ ಒಂದು ನಿಯತ ಪ್ರದೇಶವನ್ನು ತನ್ನದೆಂದು ಹಿಡಿಯುತ್ತದೆ. ಗಣಕದಲ್ಲಿ ಎರಡು ಕಾರ್ಡುಗಳಿದ್ದರೆ ಎರಡೂ ಅದೇ ಪ್ರದೇಶವನ್ನು ಕೇಳುತ್ತವೆ. ಕಲ್ಪಿತಯಂತ್ರವೂ, ವಿಜಿಎಯನ್ನು ಅವಲಂಬಿಸದೆ ಗಣಕವನ್ನು ಎಬ್ಬಿಸುವ ಯುಇಎಫ್‌ಐ ಮೂಲಕ ಏಳತೊಡಗಿದ ಮೇಲೆ ಆ ಹಳೆಯ ಹಕ್ಕಿನ ವ್ಯಾಜ್ಯ ತಪ್ಪಿತು.

ಕಾರ್ಡುಗಳ ತಯಾರಕರಿಂದ ಬಂದ ಅಡಚಣೆಗಳು ಬೇರೆ ಬಗೆಯವು. ಎನ್‌ವಿಡಿಯಾದ ಜೀಫೋರ್ಸ್ ಡ್ರೈವರು ತಾನು ಕಲ್ಪಿತಯಂತ್ರದಲ್ಲಿರುವೆನೆಂದು ಕಂಡುಕೊಂಡ ಕೂಡಲೇ 'ಕೋಡ್ 43' ಎಂಬ ದೋಷವನ್ನು ತೋರಿಸಿ ನಿಂತುಬಿಡುತ್ತಿದ್ದಿತು. ಆಟಗಾರರು ಕೆವಿಎಂನ ಗುರುತುಗಳನ್ನು ಡ್ರೈವರಿನಿಂದ ಮರೆಮಾಚಿ ಅದನ್ನು ನಡೆಸಿದರು; 2021ರ ಮಾರ್ಚಿನಲ್ಲಿ ಸಂಸ್ಥೆ ತಾನಾಗಿಯೇ ಈ ಬಾಗಿಲನ್ನು ತೆರೆಯಿತು. ಎಎಂಡಿಯ ಕೆಲವು ಕಾರ್ಡುಗಳಾದರೋ ಕಲ್ಪಿತಯಂತ್ರವನ್ನು ಆರಿಸಿ ಮತ್ತೆ ಎಬ್ಬಿಸಿದಾಗ ಪೂರ್ವಸ್ಥಿತಿಗೆ ಮರಳದೆ, ಇಡಿಯ ಗಣಕವನ್ನೇ ಪುನರಾರಂಭಿಸುವಂತೆ ಮಾಡುತ್ತಿದ್ದವು.

ಇವೆಲ್ಲಕ್ಕಿಂತ ಗಹನವಾದುದು ಎಎಂಡಿ ಪ್ರೊಸೆಸರುಗಳ ಮೇಲೆ ಕೆವಿಎಂನಲ್ಲಿ ಅನೇಕ ವರ್ಷಗಳಿಂದ ಅಡಗಿದ್ದ ಒಂದು ದೋಷ. ಕಲ್ಪಿತಯಂತ್ರದ ಮೆಮೊರಿಯನ್ನು ಯಂತ್ರಾಂಶವೇ ಪರಿವರ್ತಿಸುವ ಸೌಲಭ್ಯವನ್ನು ಬಳಸಿದರೆ ಗ್ರಾಫಿಕ್ಸ್ ನಿಧಾನವಾಗುತ್ತಿದ್ದಿತು, ಬಿಟ್ಟರೆ ಪ್ರೊಸೆಸರು ನಿಧಾನವಾಗುತ್ತಿದ್ದಿತು. 2017ರಲ್ಲಿ ರೈಜನ್ ಪ್ರೊಸೆಸರುಗಳು ಬಂದು, ಈ ಹವ್ಯಾಸಿಗಳು ಅವುಗಳನ್ನು ಆಸೆಯಿಂದ ಕೊಂಡಾಗ, ದೂರು ಪ್ರಬಲವಾಯಿತು. ಕಾರ್ಡಿನ ಮೆಮೊರಿಗೆ ಬರೆಯುವುದನ್ನು ಒಟ್ಟುಗೂಡಿಸಿ ಕಳುಹಿಸೆಂದು ವಿಂಡೋಸ್ ಇಡುತ್ತಿದ್ದ ಕೋರಿಕೆಯನ್ನು ಕೆವಿಎಂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲವೆಂಬುದು ಕಡೆಗೆ ಹೊರಬಿದ್ದಿತು. ಆ ವರ್ಷದ ಅಕ್ಟೋಬರಿನಲ್ಲಿ ಕೆಲವೇ ಸಾಲುಗಳ ತಿದ್ದುಪಡಿಯಿಂದ ದೋಷ ಪರಿಹಾರವಾಯಿತು. ಅದರ ಬೆನ್ನುಹತ್ತಿದವರಲ್ಲಿ ಒಬ್ಬರು ಆಸ್ಟ್ರೇಲಿಯದ ಜೆಫ್ರಿ ಮೆಕ್‌ರೇ. ಕಲ್ಪಿತಯಂತ್ರದ ಕಾರ್ಡು ಬಿಡಿಸಿದ ಚಿತ್ರವನ್ನು ಮೆಮೊರಿಯ ಮೂಲಕವೇ ಲಿನಕ್ಸಿನ ಕಿಟಕಿಯೊಳಕ್ಕೆ ತಂದು, ಎರಡನೆಯ ಪರದೆಯ ಅಗತ್ಯವನ್ನೇ ತಪ್ಪಿಸಿದ ಲುಕಿಂಗ್ ಗ್ಲಾಸ್ ಎಂಬ ತಂತ್ರಾಂಶದ ಕರ್ತೃವೂ ಅವರೇ. ಆಟದ ಹಂಬಲವಿಲ್ಲದ ಯಾವ ಪ್ರಯೋಗಶಾಲೆಯಾದರೂ ಈ ದೋಷವನ್ನು ಅಷ್ಟು ಹಟದಿಂದ ಬೆನ್ನಟ್ಟುತ್ತಿತ್ತೆಂದು ನಾನು ನಂಬಲಾರೆ.

2018ರ ಆಗಸ್ಟಿನಲ್ಲಿ ವಾಲ್ವ್ ಸಂಸ್ಥೆ ಪ್ರೋಟಾನನ್ನು ಹೊರತಂದ ಮೇಲೆ, ವಿಂಡೋಸಿನ ಬಹುಸಂಖ್ಯೆಯ ಆಟಗಳು ವಿಂಡೋಸೇ ಇಲ್ಲದೆ ಲಿನಕ್ಸಿನಲ್ಲಿ ನಡೆಯತೊಡಗಿದವು. ಪಾಸ್‌ತ್ರೂವಿನ ಮೊದಲ ಪ್ರಯೋಜನ ಅಷ್ಟರಮಟ್ಟಿಗೆ ಕುಗ್ಗಿತು. ಉಳಿದುದು ಮೋಸಗಾರರನ್ನು ತಡೆಯಲು ಕಾವಲು ತಂತ್ರಾಂಶವನ್ನಿಟ್ಟುಕೊಂಡ ಪೈಪೋಟಿಯ ಆಟಗಳು. ಅವುಗಳಲ್ಲಿ ಕೆಲವು ಕಲ್ಪಿತಯಂತ್ರವನ್ನೇ ಶಂಕೆಯಿಂದ ನೋಡುತ್ತವೆ; 2020ರಲ್ಲಿ ರಾಯಟ್ ಸಂಸ್ಥೆ ವ್ಯಾಲರಂಟ್ ಆಟದೊಂದಿಗೆ ತಂದ ವ್ಯಾನ್‌ಗಾರ್ಡ್ ಅಂಥದು. ಕಲ್ಪಿತಯಂತ್ರದ ಹೊರಗೆ ನಿಂತವನು ಅದರ ಮೆಮೊರಿಯನ್ನು ಆಟಕ್ಕೆ ತಿಳಿಯದಂತೆ ಓದಬಲ್ಲನಾದುದರಿಂದ ಆ ಶಂಕೆ ನಿರಾಧಾರವೇನೂ ಅಲ್ಲ. ಆದರೂ ಪ್ರಾಮಾಣಿಕನಾದ ಆಟಗಾರನೂ ಈ ನಿಷೇಧದಲ್ಲಿ ಸಿಲುಕುತ್ತಾನೆ. ಅವನನ್ನು ಮೋಸಗಾರನಿಂದ ಬೇರ್ಪಡಿಸಿ ಗುರುತಿಸುವ ಮಾರ್ಗವನ್ನು ಹುಡುಕುವ ಹೊಣೆ ಆಟವನ್ನು ಮಾರುವವರ ಮೇಲಿದೆ, ಮತ್ತು ಆ ಹೊಣೆಯನ್ನು ಅವರು ಇನ್ನೂ ಹೊತ್ತಿಲ್ಲ.