ಮನೆಯಂಗಳದ ಮಳೆಲೆಕ್ಕ

ಬಾನುಲಿಯಲ್ಲಿ ಹವಾ ವರ್ತಮಾನ ಬರುವಾಗ "ಇಂದು ಬೆಳಿಗ್ಗೆ ಎಂಟೂವರೆಗೆ ಕೊನೆಗೊಂಡ ಇಪ್ಪತ್ತನಾಲ್ಕು ಗಂಟೆಗಳಲ್ಲಿ" ಎಂಬ ಮಾತನ್ನು ನೀವು ಕೇಳಿಯೇ ಇರುತ್ತೀರಿ. ಎಷ್ಟು ಮಳೆಯಾಯಿತೆಂದು ಕಿವಿಗೊಡುತ್ತೇವೆ. ಆ ಎಂಟೂವರೆಗೆ ಸರಿಯಾಗಿ ಯಾರೋ ಒಬ್ಬರು ಅಂಗಳಕ್ಕಿಳಿದು ಅಳೆಯಬೇಕಾಯಿತೆಂಬುದನ್ನು ಮರೆಯುತ್ತೇವೆ. ಸಂಬಳವಿಲ್ಲದೆ, ಯಾರ ಅಪ್ಪಣೆಯೂ ಇಲ್ಲದೆ, ತಮ್ಮ ತಮ್ಮ ಮನೆಗಳಲ್ಲಿಯೇ ದಿನವೂ ಹೀಗೆ ಅಳೆದವರ ಚರಿತ್ರೆಯೊಂದುಂಟು. ಅದು ನಡೆದದ್ದು ಇಂಗ್ಲೆಂಡಿನಲ್ಲಿ.

ಮಳೆಯನ್ನು ಅಳೆಯುವುದು ನಮ್ಮವರಿಗೆ ತಿಳಿಯದ ವಿದ್ಯೆಯೇನಲ್ಲ. ಕೋಷ್ಠಾಗಾರದಲ್ಲಿ ಒಂದು ಅರತ್ನಿ, ಎಂದರೆ ಒಂದು ಮೊಳ, ಬಾಯಗಲದ ಕುಂಡವನ್ನಿಡಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರ ವಿಧಿಸುತ್ತದೆ. ಒಣನಾಡಿಗೆ 16 ದ್ರೋಣ, ಜೌಗುನಾಡಿಗೆ 24 ದ್ರೋಣ ಎಂದು ಲೆಕ್ಕವನ್ನೂ ಕೊಡುತ್ತದೆ. ಆದರೆ ಅದು ಅರಸನ ಉಗ್ರಾಣದ ಕೆಲಸ. ಆ ಕುಂಡಗಳ ದಿನದಿನದ ಕಡತ ಒಂದೂ ನಮ್ಮ ಕೈಗೆ ಉಳಿದು ಬಂದಿಲ್ಲ.

ಇಂಗ್ಲೆಂಡಿನಲ್ಲಿ ಹಾಗೆ ಉಳಿದು ಬಂದ ಲೆಕ್ಕಗಳಲ್ಲಿ ಬಹು ಹಳೆಯದು ರಿಚರ್ಡ್ ಟೌನ್ಲಿ ಎಂಬ ಗೃಹಸ್ಥನದು. ಲ್ಯಾಂಕಾಶೈರಿನ ಬರ್ನ್ಲಿ ಊರಿನ ಬಳಿ ಅವನ ಮನೆ. 1677ರಲ್ಲಿ ಅವನು 12 ಅಂಗುಲ ಅಡ್ಡಳತೆಯ ಆಲಿಕೆಯೊಂದನ್ನು ಛಾವಣಿಯ ಮೇಲೆ ನಿಲ್ಲಿಸಿ, ಅದಕ್ಕೆ ಸೀಸದ ಕೊಳವೆ ಬೆಸೆದು, ನೀರು ನೇರವಾಗಿ ತನ್ನ ಕೋಣೆಯೊಳಕ್ಕೇ ಇಳಿಯುವಂತೆ ಮಾಡಿದನು. ಅಳೆಯಲು ಚಳಿಗೆ ಮೈಯೊಡ್ಡಿ ಹೊರಗೆ ಹೋಗಬೇಕಾಗಿರಲಿಲ್ಲ. ಸುಖಜೀವನದ ಆಸೆಯೂ ಕೆಲವು ವೇಳೆ ಶಾಸ್ತ್ರಕ್ಕೆ ಉಪಕಾರ ಮಾಡುವುದುಂಟು! 1694ರಲ್ಲಿ ಆತನ ಲೆಕ್ಕ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ತನ್ನ ನಾಡಿನಲ್ಲಿ ಪ್ಯಾರಿಸಿನ ಸುಮಾರು ಎರಡರಷ್ಟು ಮಳೆ ಬೀಳುವುದನ್ನು ಅವನು ಅಂಕಿಗಳಿಂದ ತೋರಿಸಿದನು.

ಛಾವಣಿಯ ಮೇಲೆ ಅಳೆದರೆ ಲೆಕ್ಕ ಸರಿಯಾಗುವುದೇ? ಈ ಸಂದೇಹವನ್ನು ಪರೀಕ್ಷಿಸಿದವನು ವಿಲಿಯಂ ಹೆಬರ್ಡನ್ ಎಂಬ ಲಂಡನ್ನಿನ ವೈದ್ಯ. 1766ರ ಜುಲೈನಿಂದ ಒಂದು ವರುಷ ಕಾಲ ಮೂರು ಕಡೆ ಪಾತ್ರೆಗಳನ್ನಿರಿಸಿ ನೋಡಿದನು. ತೋಟದ ನೆಲದಲ್ಲಿ 22.6 ಅಂಗುಲ, ಮನೆಯ ಮಾಳಿಗೆಯ ಮೇಲೆ 18.1, ವೆಸ್ಟ್‌ಮಿನ್‌ಸ್ಟರ್ ಇಗರ್ಜಿಯ ನೆತ್ತಿಯಲ್ಲಿ ಬರಿಯ 12.1! ಒಂದೇ ಮೋಡ, ಒಂದೇ ಮಳೆ. ಕಾರಣ ಬಗೆಹರಿಯಲು ಸುಮಾರು ನೂರು ವರ್ಷವೇ ಬೇಕಾಯಿತು. ಎತ್ತರಕ್ಕೆ ಹೋದಂತೆಲ್ಲ ಗಾಳಿ ಬಲವಾಗಿ, ಪಾತ್ರೆಯ ಅಂಚಿಗೆ ಬಡಿದು, ಹನಿಗಳನ್ನು ಬಾಯಿಯಾಚೆಗೆ ಹಾರಿಸಿಬಿಡುತ್ತದೆಂದು 1861ರಲ್ಲಿ ವಿವರಿಸಿದವನು ಜೆವನ್ಸ್. ಮುಂದೆ ಅರ್ಥಶಾಸ್ತ್ರಜ್ಞನೆಂದು ಹೆಸರಾದವನೇ ಈತ. ನಾನೂ ಮೊದಲು ಮಳೆಮಾಪಕವನ್ನು ಮಾಳಿಗೆಯ ಮೇಲೆಯೇ ಇಟ್ಟವನು. ಹೆಬರ್ಡನ್ನನ ಅಂಕಿಗಳನ್ನು ಓದಿದ ಮರುದಿನವೇ ಹಿತ್ತಲಿಗೆ ಇಳಿಸಿದೆ.

ಇಂಥ ಬಿಡಿಬಿಡಿ ಮನೆಗಳ ಲೆಕ್ಕಗಳನ್ನು ಒಂದುಗೂಡಿಸಿದ ಪುಣ್ಯಾತ್ಮ ಜಾರ್ಜ್ ಜೇಮ್ಸ್ ಸೈಮನ್ಸ್. ಹುಟ್ಟಿದ್ದು 1838ರಲ್ಲಿ. 1850ರ ದಶಕದ ಉತ್ತರಾರ್ಧದಲ್ಲಿ ಮಳೆ ಕಡಿಮೆಯಾಗಿ ಜನ ಕಳವಳಗೊಂಡಿದ್ದರು. ನಿಜಕ್ಕೂ ಎಷ್ಟು ಕಡಿಮೆಯೆಂದು ಹೇಳಬಲ್ಲವರು ಯಾರೂ ಇರಲಿಲ್ಲ. ಸೈಮನ್ಸ್ ಪತ್ರಗಳನ್ನು ಬರೆದು ಅಳೆಯುವವರನ್ನು ಹುಡುಕತೊಡಗಿದನು. 1860ರ ಮೊದಲ ಪಟ್ಟಿಯಲ್ಲಿ 168 ಸ್ಥಳಗಳಿದ್ದವು. 1900ರಲ್ಲಿ ಅವನು ತೀರಿಕೊಳ್ಳುವ ಹೊತ್ತಿಗೆ ಅಳೆಯುವವರ ಸಂಖ್ಯೆ 3,000ವನ್ನು ಮೀರಿತ್ತು. ಪಾದ್ರಿಗಳು, ವೈದ್ಯರು, ಜಮೀನುದಾರರು, ತೋಟದ ಮಾಲಿಗಳು, ಹೆಂಗಸರು, ಎಲ್ಲರೂ ಅದರಲ್ಲಿದ್ದರು. ಎಲ್ಲರಿಗೂ ಒಂದೇ ಕಟ್ಟಳೆ: ಬೆಳಿಗ್ಗೆ 9 ಗಂಟೆಗೆ ಅಳೆಯಬೇಕು. ಲೇಡಿ ಬೇನಿಂಗ್ ಎಂಬಾಕೆ 1835ರಿಂದ 1887ರವರೆಗೆ ಅಳೆದರು. ನಾರ್ಫೋಕಿನ ಮನೆಯಿಂದ ಲಂಡನ್ನಿಗೆ ಹೋಗುವಾಗ ಮಾಪಕವನ್ನೂ ಜೊತೆಯಲ್ಲಿ ಒಯ್ಯುತ್ತಿದ್ದರಂತೆ. ಒಡವೆಯ ಪೆಟ್ಟಿಗೆಯ ಪಕ್ಕದಲ್ಲಿ ಅದಕ್ಕೂ ಜಾಗವಿದ್ದಿರಬೇಕು.

ಈ ಕೆಲಸದಲ್ಲಿ ಕಷ್ಟದ್ದು ಜಡಿಮಳೆಯ ದಿನವಲ್ಲ. ಆ ದಿನ ಅಳೆಯಲು ಉತ್ಸಾಹವಿರುತ್ತದೆ. ಮಳೆಯಿಲ್ಲದ ದಿನಗಳಲ್ಲಿಯೂ ಎದ್ದು ಹೋಗಿ, ಒಣಪಾತ್ರೆಯನ್ನು ನೋಡಿ, ಸೊನ್ನೆ ಬರೆಯುವುದಿದೆಯಲ್ಲ, ಅದು ಕಷ್ಟ. ಸೊನ್ನೆ ಬೇರೆ, ಖಾಲಿ ಮನೆ ಬೇರೆ. ಸೊನ್ನೆಯೆಂದರೆ ನೋಡಿದೆ, ಮಳೆ ಇರಲಿಲ್ಲ ಎಂದು. ಖಾಲಿಯೆಂದರೆ ನೋಡಲಿಲ್ಲ ಎಂದು. ಒಂದು ಆಷಾಢದಲ್ಲಿ ನಾಲ್ಕು ದಿನ ಊರಿನಲ್ಲಿರದೆ ಹಿಂದಿರುಗಿದಾಗ ಪಾತ್ರೆಯಲ್ಲಿ ಒಂದಷ್ಟು ನೀರಿತ್ತು. ಅದನ್ನು ನಾಲ್ಕು ಪಾಲು ಮಾಡಿ ದಿನಕ್ಕಿಷ್ಟೆಂದು ಬರೆದುಬಿಡಲೇ ಎಂದು ಮನಸ್ಸು ಸೆಳೆಯಿತು. ಬರೆದಿದ್ದರೆ ಪುಟ ಅಂದವಾಗಿಯೇ ಕಾಣುತ್ತಿತ್ತು. ಮೂರು ಮನೆಗಳನ್ನು ಖಾಲಿ ಬಿಟ್ಟು, ನಾಲ್ಕನೆಯದರಲ್ಲಿ "ನಾಲ್ಕು ದಿನದ ಒಟ್ಟು" ಎಂದು ಬರೆದೆ. ಅಷ್ಟಾದರೂ ನಾಚಿಕೆಯಾಯಿತು.

ಸೈಮನ್ಸ್ ತನಗಿಂತ ಹಿಂದಿನವರ ಪುಸ್ತಕಗಳನ್ನೂ ಹುಡುಕಿ ತರಿಸಿ ಸೇರಿಸಿದ್ದನು. ಅವನ ಸಂಸ್ಥೆ 1919ರಲ್ಲಿ ಸರಕಾರದ ಹವಾ ಇಲಾಖೆಗೆ ಸೇರಿತು. ಒಂದೊಂದು ಸ್ಥಳದ ಹತ್ತು ವರ್ಷದ ತಿಂಗಳುವಾರು ಲೆಕ್ಕವನ್ನು ಹೊತ್ತ ಸುಮಾರು 66,000 ಹಾಳೆಗಳು ಭಂಡಾರದಲ್ಲಿ ಉಳಿದವು. ಕೈಬರಹವನ್ನು ಓದಿ ಗಣಕಯಂತ್ರಕ್ಕೆ ಏರಿಸುವವರಿರಲಿಲ್ಲ. 2020ರ ಮಾರ್ಚಿಯಲ್ಲಿ ಕೊರೋನಾದ ದೆಸೆಯಿಂದ ಜನ ಮನೆಗಳಲ್ಲಿಯೇ ಕೂರಬೇಕಾಯಿತಲ್ಲವೆ? ಆಗ ರೆಡಿಂಗ್ ವಿಶ್ವವಿದ್ಯಾನಿಲಯದ ಎಡ್ ಹಾಕಿನ್ಸ್ ಕರೆಕೊಟ್ಟರು. 16,000 ಸ್ವಯಂಸೇವಕರು ಹದಿನಾರೇ ದಿನಗಳಲ್ಲಿ 50 ಲಕ್ಷಕ್ಕೂ ಮೀರಿದ ಅಂಕಿಗಳನ್ನು ನಕಲು ಮಾಡಿಕೊಟ್ಟರು. ಮನೆಯಲ್ಲಿ ಕುಳಿತು ಅಳೆದವರ ಬರಹವನ್ನು ಮನೆಯಲ್ಲಿ ಕುಳಿತವರೇ ಓದಿದರು.

ಇದರಿಂದ ಬ್ರಿಟನ್ನಿನ ಅಧಿಕೃತ ಮಳೆಯ ಚರಿತ್ರೆ 1862ಕ್ಕೆ ಬದಲು 1836ರಿಂದ ಆರಂಭವಾಗುವಂತಾಯಿತು. ಅಲ್ಲಿನ ಅನೇಕ ಪ್ರದೇಶಗಳಿಗೆ ಅತ್ಯಂತ ಒಣವರ್ಷ 1855 ಎಂದು ಗೊತ್ತಾಯಿತು. ಇಂಗ್ಲೆಂಡಿನಲ್ಲಿ 2020ರ ಮೇ ತಿಂಗಳಷ್ಟು ಒಣಗಿದ ಮೇ ಇನ್ನೊಂದಿಲ್ಲವೆಂದಿದ್ದರು. 1844ರ ಮೇ ಅದಕ್ಕಿಂತ ಒಣಗಿತ್ತು. ಅಣೆಕಟ್ಟು, ಕೆರೆ, ಕುಡಿಯುವ ನೀರಿನ ಯೋಜನೆ ಮಾಡುವವರಿಗೆ ಬರಗಾಲ ಎಷ್ಟು ಕೆಟ್ಟದ್ದಾಗಬಲ್ಲದೆಂಬ ತಿಳಿವಳಿಕೆಯನ್ನು ಕೊಟ್ಟದ್ದು, ಎಂದೋ ಯಾರೋ ಹಿತ್ತಲಿನಲ್ಲಿ ನಿಂತು ಬರೆದ ಸೊನ್ನೆಗಳು.

ನಿಮ್ಮ ಮನೆಯಲ್ಲಿಯೂ ತೊಡಗುವುದಾದರೆ ಒಂದು ಸೂಚನೆ. ಇಂಗ್ಲೆಂಡಿನವರು 9 ಗಂಟೆಗೆ ಅಳೆದ ಮಳೆಯನ್ನು ಹಿಂದಿನ ದಿನದ ಹೆಸರಿಗೆ ಬರೆಯುತ್ತಿದ್ದರು. ನಮ್ಮ ಹವಾ ಇಲಾಖೆ 8.30ಕ್ಕೆ ಅಳೆದು ಅದೇ ಬೆಳಗಿನ ತಾರೀಖಿಗೆ ಬರೆಯುತ್ತದೆ. ನೀವು ಯಾವ ರೀತಿ ಬರೆಯುತ್ತೀರೆಂಬುದನ್ನು ಪುಸ್ತಕದ ಮೊದಲ ಪುಟದಲ್ಲಿಯೇ, ಮಾಪಕವಿಟ್ಟ ಜಾಗದ ವಿವರದೊಡನೆ, ಬರೆದಿಡಿ. ಪೆನ್ಸಿಲ್ಲು ಬೇಡ; ಶಾಯಿಯಲ್ಲಿ ಬರೆಯಿರಿ.