ಸಾಮಾಯಿಕ: ದಿನದಲ್ಲಿ 48 ನಿಮಿಷ, ಬನವಾಸಿ ನೆಲದ ನೆನಪಿನೊಂದಿಗೆ

ಸಾಮಾಯಿಕವೆಂದರೆ ನಿಗದಿತ ಕಾಲದವರೆಗೆ ಎಲ್ಲ ಪಾಪಕ್ರಿಯೆಗಳನ್ನು ಬಿಟ್ಟು, ರಾಗದ್ವೇಷಗಳನ್ನು ಬದಿಗಿರಿಸಿ, ಸಮತಾಭಾವದಲ್ಲಿ ಆತ್ಮಚಿಂತನೆ ಮಾಡುವುದು. ಮುನಿಗಳ ಷಡಾವಶ್ಯಕಗಳಾದ ಸಾಮಾಯಿಕ, ಸ್ತುತಿ, ವಂದನೆ, ಪ್ರತಿಕ್ರಮಣ, ಪ್ರತ್ಯಾಖ್ಯಾನ ಮತ್ತು ಕಾಯೋತ್ಸರ್ಗಗಳಲ್ಲಿ ಇದು ಮೊದಲನೆಯದು. ಶ್ರಾವಕರಿಗೆ ಇದು ನಾಲ್ಕು ಶಿಕ್ಷಾವ್ರತಗಳಲ್ಲಿ ಒಂದು. ಹನ್ನೊಂದು ಪ್ರತಿಮೆಗಳಲ್ಲಿ ಮೂರನೆಯದು ಸಾಮಾಯಿಕ ಪ್ರತಿಮೆ.

ಪೂಜೆ, ಅಭಿಷೇಕಗಳಿಗೆ ಬಸದಿ ಬೇಕು, ದ್ರವ್ಯ ಬೇಕು, ಅನೇಕ ಕಡೆ ಪುರೋಹಿತರೂ ಬೇಕು. ಸಾಮಾಯಿಕಕ್ಕೆ ಬೇಕಾದುದು ಶುದ್ಧವಾದ ಒಂದು ಜಾಗ, ಸ್ವಲ್ಪ ಹೊತ್ತು ಮತ್ತು ಮನಸ್ಸು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳಂತಹ ಮಲೆನಾಡಿನ ತಾಲೂಕುಗಳಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ತೋಟ, ಗದ್ದೆ, ಹಳ್ಳ ದಾಟಿ ಹೋಗಬೇಕು. ಮಳೆಗಾಲದಲ್ಲಿ ಬಸದಿಗೆ ಹೋಗಿಬರುವುದೇ ಒಂದು ದಿನದ ಕೆಲಸವಾಗುತ್ತದೆ. ಇಂತಹ ಕಡೆ ಧರ್ಮ ಉಳಿಯುವುದು ಮನೆಯೊಳಗಿನ ನಿತ್ಯಕ್ರಮದಿಂದ. ಹಾಗಾಗಿ ಸಾಮಾಯಿಕವನ್ನು ವಯಸ್ಸಾದವರ ಅಭ್ಯಾಸವೆಂದು ಬದಿಗಿಡದೆ, ಕುಟುಂಬದ ಎಲ್ಲರೂ ತಿಳಿದುಕೊಳ್ಳುವುದು ಅಗತ್ಯ.

ಬನವಾಸಿ ಮತ್ತು ಪಂಚ ನಮಸ್ಕಾರ

ಸಾಮಾಯಿಕ ಆರಂಭವಾಗುವುದು ಪಂಚ ನಮಸ್ಕಾರ ಮಂತ್ರದಿಂದ. ಐದು ಪದ, 35 ಅಕ್ಷರಗಳ ಈ ಮಂತ್ರಕ್ಕೂ ಶಿರಸಿ ತಾಲೂಕಿನ ಬನವಾಸಿಗೂ ಇರುವ ನಂಟನ್ನು ಪ್ರತಿಯೊಂದು ಜೈನ ಮನೆಯೂ ತಿಳಿದಿರಬೇಕು.

ಆಗಮಜ್ಞಾನ ಕ್ಷೀಣಿಸುತ್ತಿದ್ದ ಕಾಲದಲ್ಲಿ, ಗಿರಿನಾರಿನ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು ಇಬ್ಬರು ಮುನಿಗಳನ್ನು ಕರೆಸಿಕೊಂಡು ತಮಗೆ ತಿಳಿದಿದ್ದ ಶ್ರುತವನ್ನು ಬೋಧಿಸಿದರು. ಅವರೇ ಪುಷ್ಪದಂತ ಮತ್ತು ಭೂತಬಲಿ ಆಚಾರ್ಯರು. ಮಳೆಗಾಲದ ವಾಸ ಮುಗಿದ ಮೇಲೆ ಪುಷ್ಪದಂತರು ವನವಾಸ ದೇಶಕ್ಕೆ, ಅಂದರೆ ಬನವಾಸಿ ಸೀಮೆಗೆ ಬಂದರು. ಇಲ್ಲಿ ಜಿನಪಾಲಿತರಿಗೆ ದೀಕ್ಷೆ ಕೊಟ್ಟು, ಸತ್ಪ್ರರೂಪಣೆಯ 177 ಸೂತ್ರಗಳನ್ನು ರಚಿಸಿ, ಅವರಿಗೆ ಕಲಿಸಿ, ಭೂತಬಲಿಗಳ ಬಳಿಗೆ ಕಳುಹಿಸಿದರು. ಭೂತಬಲಿಗಳು ಉಳಿದ ಭಾಗವನ್ನು ಪೂರ್ಣಗೊಳಿಸಿದರು. ಹೀಗೆ ಸಿದ್ಧವಾದ ಗ್ರಂಥವೇ ಷಟ್ಖಂಡಾಗಮ. ಅದು ಪೂರ್ಣಗೊಂಡ ಜ್ಯೇಷ್ಠ ಶುಕ್ಲ ಪಂಚಮಿಯನ್ನು ಇಂದಿಗೂ ಶ್ರುತಪಂಚಮಿಯಾಗಿ ಆಚರಿಸುತ್ತೇವೆ. ಈ ವೃತ್ತಾಂತವನ್ನು ವೀರಸೇನಾಚಾರ್ಯರು 9ನೇ ಶತಮಾನದ ಧವಲಾ ಟೀಕೆಯಲ್ಲಿ ದಾಖಲಿಸಿದ್ದಾರೆ. ಆ ಟೀಕೆಯ ತಾಳೆಗರಿ ಪ್ರತಿಗಳು ಉಳಿದುಬಂದದ್ದು ಮೂಡುಬಿದಿರೆಯಲ್ಲಿ. ಅದರ ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ.

ಷಟ್ಖಂಡಾಗಮದ ಆರಂಭದ ಮಂಗಳವೇ ಪಂಚ ನಮಸ್ಕಾರ. ಮಂತ್ರ ಅನಾದಿ ಎಂಬುದು ನಮ್ಮ ಶ್ರದ್ಧೆ. ಇತಿಹಾಸದ ದೃಷ್ಟಿಯಿಂದ ನೋಡಿದರೆ, ಒಡಿಶಾದ ಉದಯಗಿರಿಯಲ್ಲಿರುವ ಖಾರವೇಲನ ಹಾಥಿಗುಂಫಾ ಶಾಸನದಲ್ಲಿ ಅರಿಹಂತರಿಗೂ ಸಿದ್ಧರಿಗೂ ಮಾತ್ರ ನಮಸ್ಕಾರವಿದೆ. ಐದೂ ಪರಮೇಷ್ಠಿಗಳ ನಮಸ್ಕಾರ ದಿಗಂಬರ ಆಗಮಗ್ರಂಥದಲ್ಲಿ ನೆಲೆಗೊಂಡದ್ದು ಪುಷ್ಪದಂತರ ಈ ಮಂಗಳದಲ್ಲಿ. ವರದಾ ನದಿಯ ದಂಡೆಯ ಈ ಸೀಮೆಯಲ್ಲಿ ಒಬ್ಬ ಮುನಿ ಕುಳಿತು ಜೋಡಿಸಿದ ಸೂತ್ರಗಳಿಂದ ನಮ್ಮ ಶ್ರುತಪರಂಪರೆ ಉಳಿಯಿತು.

ಸ್ವಾದಿ ಮತ್ತು ಬಿಳಗಿ

ಶಿರಸಿಯಿಂದ ಸುಮಾರು 20 ಕಿ.ಮೀ. ದೂರದ ಸೋಂದಾದಲ್ಲಿ ಸ್ವಾದಿ ದಿಗಂಬರ ಜೈನ ಮಠವಿದೆ. ಈ ಪೀಠವನ್ನೇರುವ ಭಟ್ಟಾರಕರು ಭಟ್ಟಾಕಲಂಕ ಎಂಬ ಹೆಸರನ್ನು ಧರಿಸುತ್ತಾರೆ. ಅದೇ ಹೆಸರಿನ ವಿದ್ವಾಂಸರು 1604ರಲ್ಲಿ ಕರ್ಣಾಟಕ ಶಬ್ದಾನುಶಾಸನವೆಂಬ ಕನ್ನಡ ವ್ಯಾಕರಣವನ್ನು ಸಂಸ್ಕೃತದ 592 ಸೂತ್ರಗಳಲ್ಲಿ ಬರೆದರು. ಸಿದ್ದಾಪುರ ತಾಲೂಕಿನ ಬಿಳಗಿ ಹಿಂದೆ ಶ್ವೇತಪುರವೆಂದು ಹೆಸರಾಗಿತ್ತು. ಬಿಳಗಿ ಅರಸರ ಕಾಲದ ರತ್ನತ್ರಯ ಬಸದಿ ಅಲ್ಲಿದೆ. ಸಮ್ಯಗ್ದರ್ಶನ, ಸಮ್ಯಗ್ಜ್ಞಾನ, ಸಮ್ಯಕ್ಚಾರಿತ್ರಗಳೇ ಅದರ ಹೆಸರು. ಸಾಮಾಯಿಕದಲ್ಲಿ ಕುಳಿತವರು ಹುಡುಕುವುದೂ ಅವನ್ನೇ.

ಬೇಡಿಕೆಯಿಲ್ಲದ ಭಕ್ತಿ

ಜಿನೇಂದ್ರನು ವರ ಕೊಡುವವನಲ್ಲ, ಶಿಕ್ಷಿಸುವವನೂ ಅಲ್ಲ. ವೀತರಾಗನಿಗೆ ನಮ್ಮ ಸ್ತುತಿಯಿಂದ ಸಂತೋಷವಿಲ್ಲ, ನಿಂದೆಯಿಂದ ಕೋಪವಿಲ್ಲ. ಹಾಗಿದ್ದರೆ ಪೂರ್ಣಮನಸ್ಸಿನ ಭಕ್ತಿ ಯಾರಿಗಾಗಿ ಎಂದು ಮಕ್ಕಳು ಕೇಳುವುದುಂಟು. ಆತನ ಗುಣಗಳು ನಮ್ಮ ಆತ್ಮದಲ್ಲಿಯೂ ಇವೆ, ಕರ್ಮದ ಆವರಣದಲ್ಲಿ ಮುಚ್ಚಿಹೋಗಿವೆ, ಅವನ್ನು ನೆನಪಿಸಿಕೊಳ್ಳುವುದಕ್ಕಾಗಿ ಎಂಬುದು ಉತ್ತರ. ಬೆಳೆಗೆ ಕೊಳೆರೋಗ ತಗಲಬಾರದು, ಮಗನಿಗೆ ಕೆಲಸ ಸಿಗಬೇಕು ಎಂಬ ಚಿಂತೆ ಗೃಹಸ್ಥರಿಗೆ ಸಹಜ. ಸಾಮಾಯಿಕದ ಹೊತ್ತಿನಲ್ಲಿ ಆ ಚಿಂತೆ ಬಂದರೆ ಅದನ್ನು ಬೇಡಿಕೆಯಾಗಿಸದೆ, ನೋಡಿ ಬಿಡುವುದೇ ಅಭ್ಯಾಸ. ಇದು ಸುಲಭವಲ್ಲ, ಆದ್ದರಿಂದಲೇ ಅದಕ್ಕೆ ಶಿಕ್ಷಾವ್ರತವೆಂದು ಹೆಸರು.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಕಾಡು, ಮನೆ, ಚೈತ್ಯಾಲಯ ಯಾವುದಾದರೂ ಸರಿ, ಗೊಂದಲವಿಲ್ಲದ ಏಕಾಂತದಲ್ಲಿ ಪ್ರಸನ್ನಚಿತ್ತದಿಂದ ಸಾಮಾಯಿಕ ಮಾಡಬೇಕೆನ್ನುತ್ತಾರೆ. ಆ ಹೊತ್ತಿನಲ್ಲಿ ಗೃಹಸ್ಥನು, ಯಾರೋ ಬಟ್ಟೆ ಹೊದಿಸಿದ ಮುನಿಯಂತಿರುತ್ತಾನೆ ಎಂಬುದು ಅವರ ಅಭಿಪ್ರಾಯ. ಮನೆಯಲ್ಲಿರುವವರಿಗೆ ಇದಕ್ಕಿಂತ ದೊಡ್ಡ ಗೌರವವಿಲ್ಲ.

ಕಾಲ ಮತ್ತು ವಿಧಿ

ಪ್ರಾತಃ, ಮಧ್ಯಾಹ್ನ, ಸಾಯಂಕಾಲ ಎಂಬ ಮೂರು ಸಂಧ್ಯೆಗಳು ಸಾಮಾಯಿಕದ ಕಾಲ. ಆರು ಗಳಿಗೆ ಉತ್ತಮ, ನಾಲ್ಕು ಗಳಿಗೆ ಮಧ್ಯಮ, ಎರಡು ಗಳಿಗೆ ಜಘನ್ಯ. ಎರಡು ಗಳಿಗೆಯೆಂದರೆ 48 ನಿಮಿಷ.

ದಿಗಂಬರ ಪರಂಪರೆಯ ಸಾಮಾನ್ಯ ಕ್ರಮ ಹೀಗಿದೆ:

1. ಕೈಕಾಲು ತೊಳೆದು, ಶುಭ್ರ ವಸ್ತ್ರ ಧರಿಸಿ, ಪೂರ್ವ ಅಥವಾ ಉತ್ತರಕ್ಕೆ ಮುಖಮಾಡಿ ನಿಲ್ಲುವುದು. ಇಷ್ಟು ಹೊತ್ತು ಸಾಮಾಯಿಕದಲ್ಲಿರುವೆನೆಂದು ಸಂಕಲ್ಪ ಮಾಡುವುದು.
2. ಒಂಬತ್ತು ಬಾರಿ ನಮಸ್ಕಾರ ಮಂತ್ರದೊಂದಿಗೆ ಕಾಯೋತ್ಸರ್ಗ. ಒಂದು ಮಂತ್ರಕ್ಕೆ ಮೂರು ಉಸಿರಿನಂತೆ 27 ಉಸಿರು.
3. ಪ್ರತಿ ದಿಕ್ಕಿಗೆ ಮೂರು ಆವರ್ತ, ಒಂದು ಶಿರೋನತಿ. ನಾಲ್ಕು ದಿಕ್ಕು ಸೇರಿ 12 ಆವರ್ತ, 4 ಶಿರೋನತಿ.
4. ಪದ್ಮಾಸನ ಅಥವಾ ಅರ್ಧಪದ್ಮಾಸನದಲ್ಲಿ ಕುಳಿತು ಸಾಮಾಯಿಕ ಪಾಠ, ಜಪ, ಬಾರಹ ಭಾವನೆ ಅಥವಾ ಆತ್ಮಚಿಂತನೆ. ಕೂರಲಾಗದವರು ಕುರ್ಚಿಯಲ್ಲಿ ಕುಳಿತರೂ ಅಡ್ಡಿಯಿಲ್ಲ.
5. ಎಲ್ಲ ಜೀವಿಗಳಲ್ಲಿ ಮೈತ್ರಿ, ಗುಣವಂತರಲ್ಲಿ ಪ್ರಮೋದ, ದುಃಖಿಗಳಲ್ಲಿ ಕಾರುಣ್ಯ, ವಿರೋಧಿಗಳಲ್ಲಿ ಮಾಧ್ಯಸ್ಥ್ಯವನ್ನು ಭಾವಿಸುವುದು.
6. ಕೊನೆಯಲ್ಲಿ ಮತ್ತೆ ಕಾಯೋತ್ಸರ್ಗ, ನಮಸ್ಕಾರ.

ಶ್ವೇತಾಂಬರ ಪರಂಪರೆಯಲ್ಲಿ ಪಾಠಗಳೂ ಉಪಕರಣಗಳೂ ಬೇರೆ. 48 ನಿಮಿಷದ ಅವಧಿಯೂ ಸಮತೆಯ ಗುರಿಯೂ ಒಂದೇ.

ಜಪಮಾಲೆಯಲ್ಲಿ 108 ಮಣಿಗಳಿರುವುದಕ್ಕೂ ಅರ್ಥವಿದೆ. ಸಂರಂಭ, ಸಮಾರಂಭ, ಆರಂಭ ಎಂಬ ಮೂರು; ಮನ, ವಚನ, ಕಾಯ ಎಂಬ ಮೂರು; ತಾನು ಮಾಡುವುದು, ಮಾಡಿಸುವುದು, ಅನುಮೋದಿಸುವುದು ಎಂಬ ಮೂರು; ಕ್ರೋಧ, ಮಾನ, ಮಾಯಾ, ಲೋಭ ಎಂಬ ನಾಲ್ಕು. ಇವನ್ನು ಗುಣಿಸಿದರೆ ಪಾಪಾಸ್ರವದ 108 ದಾರಿಗಳಾಗುತ್ತವೆ. ಒಂದೊಂದು ಮಣಿಯೂ ಒಂದೊಂದು ಬಾಗಿಲು ಮುಚ್ಚುವ ನೆನಪು.

ಐದು ಅತಿಚಾರಗಳು

ತತ್ತ್ವಾರ್ಥಸೂತ್ರದ ಏಳನೇ ಅಧ್ಯಾಯ ಸಾಮಾಯಿಕದ ಐದು ದೋಷಗಳನ್ನು ಹೇಳುತ್ತದೆ: ಮನಸ್ಸನ್ನು, ಮಾತನ್ನು, ದೇಹವನ್ನು ತಪ್ಪು ದಾರಿಗೆ ಬಿಡುವ ಮೂರು, ಅನಾದರ, ಅಂದರೆ ಉತ್ಸಾಹವಿಲ್ಲದೆ ಮುಗಿಸುವುದು, ಪಾಠವನ್ನೋ ಕ್ರಮವನ್ನೋ ಮರೆಯುವುದು. ಪಕ್ಕದಲ್ಲಿ ಮೊಬೈಲ್ ಇಟ್ಟುಕೊಂಡು ಕುಳಿತರೆ ಐದೂ ಒಟ್ಟಿಗೆ ಬರುತ್ತವೆ. ಫೋನನ್ನು ಬೇರೆ ಕೋಣೆಯಲ್ಲಿಟ್ಟು, ಸಮಯ ನೋಡಲು ಗೋಡೆ ಗಡಿಯಾರ ಬಳಸುವುದು ಒಳ್ಳೆಯದು.

ಹೊತ್ತು ಎಲ್ಲಿಂದ?

ಅಡಿಕೆ ಕೊಯ್ಲು, ಸುಲಿತ, ಬೇಯಿಸುವ ಕೆಲಸಗಳ ತಿಂಗಳುಗಳಲ್ಲಿ ಮನೆಯವರಿಗೆ ಪುರುಸೊತ್ತೇ ಇರುವುದಿಲ್ಲ. ಆದರೆ ಜೈನ ಮನೆಯಲ್ಲಿ ಒಂದು ಹೊತ್ತು ತಾನಾಗಿಯೇ ತೆರೆದಿರುತ್ತದೆ. ರಾತ್ರಿಭೋಜನ ತ್ಯಾಗವಿರುವ ಮನೆಯಲ್ಲಿ ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿದು, ಒಲೆ ಆರಿರುತ್ತದೆ. ಹಿರಿಯರು ಆ ಹೊತ್ತನ್ನು ಸಾಮಾಯಿಕಕ್ಕೆ ಕೊಟ್ಟರು. ನಾವು ಟಿವಿಗೆ ಕೊಟ್ಟಿದ್ದೇವೆ. ಒಂದು ವ್ರತ ಇನ್ನೊಂದಕ್ಕೆ ಜಾಗ ಮಾಡಿಕೊಡುತ್ತದೆ.

ಅಡುಗೆಮನೆಯ ಕೆಲಸವೆಲ್ಲ ಒಬ್ಬರ ಮೇಲೇ ಬಿದ್ದರೆ ಅವರಿಗೆ ಮಾತ್ರ ಈ ಹೊತ್ತು ಸಿಗುವುದಿಲ್ಲ. ಪಾತ್ರೆ ತೊಳೆಯಲು, ಕೊಟ್ಟಿಗೆ ನೋಡಲು ಉಳಿದವರು ಕೈಜೋಡಿಸಿ, ಮನೆಯ ಅಮ್ಮನಿಗೂ ಸೊಸೆಗೂ 48 ನಿಮಿಷ ಬಿಡುವು ಮಾಡಿಕೊಡುವುದು ಧರ್ಮದ ಭಾಗವೇ.

ಹೊಸಬರು 9 ಮಂತ್ರ, 27 ಉಸಿರಿನಿಂದ ಆರಂಭಿಸಿ, ಹತ್ತು ನಿಮಿಷ, ಇಪ್ಪತ್ತು ನಿಮಿಷವೆಂದು ಬೆಳೆಸಿಕೊಳ್ಳಬಹುದು. ಅಷ್ಟಮಿ, ಚತುರ್ದಶಿಗಳಂದು ಪೂರ್ಣ ಅವಧಿ ಕೂರಲು ಪ್ರಯತ್ನಿಸಬಹುದು. ಬೆಂಗಳೂರು, ಹುಬ್ಬಳ್ಳಿಗಳಲ್ಲಿರುವ ಮಕ್ಕಳು ಊರಿನಲ್ಲಿ ಒಂಟಿಯಾಗಿರುವ ತಂದೆತಾಯಿಯರು ಕೂರುವ ಹೊತ್ತಿಗೇ ತಾವೂ ಕುಳಿತರೆ, ಮಾತಿಲ್ಲದೆಯೂ ಮನೆ ಒಂದಾಗುತ್ತದೆ. ಶ್ರುತಪಂಚಮಿಯ ಸುಮಾರಿಗೆ ಊರಿಗೆ ಬಂದಾಗ ಮಕ್ಕಳನ್ನು ಬನವಾಸಿಗೆ ಕರೆದೊಯ್ದು, ಪುಷ್ಪದಂತರ ಕಥೆ ಹೇಳಿ, ಅಲ್ಲಿಯೇ ಒಂದು ಕಾಯೋತ್ಸರ್ಗ ಮಾಡಿಸಿ.

ಜೈ ಜಿನೇಂದ್ರ.